ಕಲ್ಲು ಬೀಸುವ ಮೊದಲು ಗ್ರಂಥ ಓದಿ

ಹೀಬ್ರೂ ಶಾಸ್ತ್ರಗಳಲ್ಲಿ ಬರುವ ಅನ್ಯದೇವತೆಗಳ ಮಾತೆತ್ತಿದರೆ ಎರಡು ಪಾಳೆಯಗಳು ಎದ್ದು ನಿಲ್ಲುತ್ತವೆ. ಒಂದು ಪಾಳೆಯಕ್ಕೆ ಆ ವಚನಗಳು ನೆರೆಯವನ ಗುಡಿಯ ಮೇಲೆ ಬೀಸುವ ಕಲ್ಲುಗಳು. ಇನ್ನೊಂದಕ್ಕೆ ಅದು ಓದದೆ ಮುಚ್ಚಿಡಬೇಕಾದ ದ್ವೇಷದ ಪುಸ್ತಕ. ಇಬ್ಬರ ವಾದಗಳನ್ನೂ ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಒಂದು: ‘ಬೇರೆ ದೇವರುಗಳೇ ಇಲ್ಲವೆಂದು ಗ್ರಂಥ ಮೊದಲಿನಿಂದಲೂ ಸಾರುತ್ತದೆ.’

ಇಲ್ಲ. ಹತ್ತು ಆಜ್ಞೆಗಳಲ್ಲಿ ಇರುವುದು ಬೇರೆ ದೇವರುಗಳು ನಿನಗೆ ಇರಕೂಡದೆಂಬ ಕಟ್ಟಳೆ. ಅವು ಇಲ್ಲವೇ ಇಲ್ಲವೆಂದು ಅಲ್ಲಿ ಹೇಳಿಲ್ಲ. ನ್ಯಾಯಸ್ಥಾಪಕರು ಪುಸ್ತಕದಲ್ಲಿ ಇಸ್ರಾಯೇಲಿನ ನಾಯಕ ಯೆಫ್ತಾಹನು ಅಮ್ಮೋನಿಯರ ಅರಸನಿಗೆ, ನಿನ್ನ ದೇವರು ಕೆಮೋಷ್ ಕೊಟ್ಟದ್ದು ನಿನಗೆ, ನಮ್ಮ ಯೆಹೋವ ಕೊಟ್ಟದ್ದು ನಮಗೆ ಎಂಬ ಅರ್ಥದಲ್ಲಿ ಹೇಳಿಕಳಿಸುತ್ತಾನೆ. 82ನೇ ಕೀರ್ತನೆಯಲ್ಲಿ ದೇವರು ದೇವತೆಗಳ ಸಭೆಯ ನಡುವೆ ನಿಂತು ತೀರ್ಪು ಕೊಡುತ್ತಾನೆ. ಬೇರಾವ ದೇವರೂ ಇಲ್ಲವೆಂಬ ಖಡಾಖಂಡಿತ ದನಿ ಅತ್ಯಂತ ಸ್ಪಷ್ಟವಾಗಿ ಕೇಳಿಸುವುದು ಯೆಶಾಯನ ಪುಸ್ತಕದ ಉತ್ತರಭಾಗದಲ್ಲಿ. ಬಹುಪಾಲು ವಿದ್ವಾಂಸರ ಪ್ರಕಾರ ಅದು ಕ್ರಿ.ಪೂ. 6ನೇ ಶತಮಾನದ ಬಾಬೆಲಿನ ಸೆರೆವಾಸದ ಕಾಲದ್ದು. ರಾಜ್ಯವನ್ನೂ ದೇವಾಲಯವನ್ನೂ ಕಳೆದುಕೊಂಡ ಜನ ನೋವಿನಲ್ಲಿ ಬೆಂದು ತಲುಪಿದ ನಿಲುವು ಅದು.

ಎರಡು: ‘ವಿಗ್ರಹಾರಾಧನೆ ಹೊರಗಿನವರು ತಂದ ಕೊಳೆ.’

ಚೀದೋನಿನಿಂದ ಬಂದ ರಾಣಿ ಈಜೆಬೆಲಳ ಮೇಲೆ ಬೆರಳು ತೋರಿಸುವುದು ಸುಲಭ. ಆದರೆ ಚಿನ್ನದ ಕರುವನ್ನು ಎರಕಹೊಯ್ದವನು ಮೋಶೆಯ ಅಣ್ಣ ಆರೋನ. ಬೇತೇಲ್ ಮತ್ತು ದಾನ್‌ನಲ್ಲಿ ಕರುಗಳನ್ನಿಟ್ಟವನು ಇಸ್ರಾಯೇಲಿನ ಅರಸ ಯಾರೊಬ್ಬಾಮ. ಅರಸ ಹಿಜ್ಕೀಯ ಒಡೆದುಹಾಕಿದ ತಾಮ್ರದ ಸರ್ಪವನ್ನು ಮಾಡಿಸಿದವನು ಸಾಕ್ಷಾತ್ ಮೋಶೆ. ಜನ ಅದಕ್ಕೆ ಧೂಪ ಹಾಕುತ್ತಿದ್ದರು. ಅನ್ಯದೇವತೆಗಳಿಗೆ ಸೊಲೊಮೋನ ಕಟ್ಟಿಸಿದ ಪೂಜಾಸ್ಥಳಗಳು ಅರಸ ಯೋಷೀಯನ ಕಾಲದವರೆಗೆ, ಸುಮಾರು 300 ವರ್ಷ, ಯೆರೂಸಲೇಮಿನ ಎದುರಿಗೇ ನಿಂತಿದ್ದವೆಂದು ಅರಸುಗಳ ಪುಸ್ತಕವೇ ಒಪ್ಪಿಕೊಳ್ಳುತ್ತದೆ. ಅಶೇರ ದೇವಿಯ ವಿಗ್ರಹವನ್ನು ಯೋಷೀಯ ಹೊರಗೆಳೆದು ಸುಟ್ಟದ್ದು ಯೆಹೋವನ ಆಲಯದಿಂದಲೇ.

ನೆಲವೂ ಇದಕ್ಕೆ ಸಾಕ್ಷಿ ಹೇಳಿದೆ. ಸಿನಾಯ್ ಮರುಭೂಮಿಯ ಕುಂತಿಲ್ಲೆತ್ ಅಜ್ರೂದ್‌ನಲ್ಲಿ 1975–76ರಲ್ಲಿ ಅಗೆದಾಗ ಸಿಕ್ಕ ಹರವಿಯೊಂದರ ಮೇಲೆ ಸಮಾರ್ಯದ ಯೆಹೋವ ಮತ್ತು ಅವನ ಅಶೇರಳ ಹೆಸರಿನಲ್ಲಿ ಆಶೀರ್ವಾದ ಬರೆದಿದೆ. ಅಲ್ಲಿ ಅಶೇರ ಎಂದರೆ ದೇವಿಯೋ ಪೂಜೆಯ ಸ್ತಂಭವೋ ಎಂಬ ಚರ್ಚೆ ಮುಗಿದಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಅದು ಯೆಹೋವನ ಭಕ್ತರೇ ಬರೆದದ್ದು. ಜಗಳ ಮನೆಯೊಳಗಿನದು.

ಮೂರು: ‘ಆರಾಧಿಸುವವರು ಮರವನ್ನೇ ದೇವರೆಂದು ನಂಬಿದ್ದರು.’

ಒಂದೇ ಮರದ ಅರ್ಧದಲ್ಲಿ ಅಡುಗೆ ಮಾಡಿ, ಉಳಿದರ್ಧಕ್ಕೆ ಅಡ್ಡಬೀಳುವ ಬಡಗಿಯ ಚಿತ್ರ ಯೆಶಾಯ 44ರಲ್ಲಿದೆ. ಅದು ವಾಗ್ವಾದದ ಕಟಕಿ. ಬಾಬೆಲಿನವರ ನಂಬಿಕೆಯ ವರದಿಯೆಂದು ಅದನ್ನು ಓದಬಾರದು. ಮೆಸಪೊಟೇಮಿಯದಲ್ಲಿ ಮೂರ್ತಿಗೆ ‘ಬಾಯಿ ತೊಳೆಯುವ’ ವಿಧಿಯಿತ್ತು. ಶಿಲ್ಪಿಗಳ ಕೈಯನ್ನು ಮರದ ಕತ್ತಿಯಿಂದ ಕಡಿಯುವಂತೆ ಅಭಿನಯಿಸಿ, ಇದನ್ನು ಮಾಡಿದವರು ನಾವಲ್ಲ ಎಂದು ಅವರಿಂದ ಆಣೆ ಮಾಡಿಸುತ್ತಿದ್ದರು. ಪ್ರಾಣಪ್ರತಿಷ್ಠೆಯನ್ನು ಕಂಡಿರುವ ಕನ್ನಡ ಓದುಗರಿಗೆ ಇದರ ಹಿಂದಿನ ಭಾವವನ್ನು ಬಿಡಿಸಿ ಹೇಳಬೇಕಿಲ್ಲ. ಪ್ರವಾದಿಯ ಆಕ್ರೋಶ ಗೆದ್ದವರ ದೇವರುಗಳ ಎದುರು ಸೋತವನ ಆತ್ಮಗೌರವದ ಕೂಗು. ಅದನ್ನು ಬಲಾಢ್ಯರು ಎತ್ತಿಕೊಂಡು ದುರ್ಬಲರ ಮೇಲೆ ಪ್ರಯೋಗಿಸುವುದು ಆ ಪ್ರವಾದಿಗೇ ಬಗೆಯುವ ದ್ರೋಹ.

ನಾಲ್ಕು: ‘ಹಾಗಾದರೆ ಅದು ದ್ವೇಷದ ಪುಸ್ತಕವೇ.’

ಈಗ ಎದುರು ಪಾಳೆಯಕ್ಕೆ. ಕಾನಾನ್ಯರ ಬಲಿಪೀಠಗಳನ್ನು ಕೆಡವಿ ಅವರನ್ನೇ ನಿರ್ಮೂಲ ಮಾಡಬೇಕೆಂಬ ಆಜ್ಞೆ ಧರ್ಮೋಪದೇಶಕಾಂಡದಲ್ಲಿದೆ. ಅದು ಘೋರ, ನಾನದನ್ನು ಮುಚ್ಚಿಡುವುದಿಲ್ಲ. ಆದರೆ ಪುಸ್ತಕ ಅಷ್ಟಕ್ಕೇ ಮುಗಿಯುವುದಿಲ್ಲ. ಹಿನ್ನೋಮ್ ಕಣಿವೆಯಲ್ಲಿ ಮಕ್ಕಳನ್ನು ಬೆಂಕಿಗೆ ಕೊಡುತ್ತಿದ್ದವರ ವಿರುದ್ಧ ಗುಡುಗಿದ ಪ್ರವಾದಿ ಯೆರೆಮೀಯ, ಪರದೇಶಿಯನ್ನೂ ಅನಾಥನನ್ನೂ ವಿಧವೆಯನ್ನೂ ಹಿಂಸಿಸಿದರೆ ಯೆಹೋವನ ಆಲಯವೂ ಉಳಿಯದೆಂದು ಅದೇ ಆಲಯದ ಬಾಗಿಲಲ್ಲಿ ನಿಂತು ಸಾರಿದ. ಅವನ ಪಾಲಿಗೆ ಆಲಯದ ಮೇಲಿಟ್ಟ ಸುಳ್ಳು ಭರವಸೆಯೂ ಒಂದು ವಿಗ್ರಹ.

ಇನ್ನು ನಾಮಾನನ ಕಥೆ. ಕುಷ್ಠದಿಂದ ಗುಣವಾದ ಈ ಸಿರಿಯಾದ ಸೇನಾಪತಿ ಇನ್ನು ಯೆಹೋವನನ್ನೇ ಆರಾಧಿಸುವುದಾಗಿ ಹೇಳಿ, ಅಂಜುತ್ತ ಒಂದು ವಿನಾಯಿತಿ ಬೇಡುತ್ತಾನೆ: ತನ್ನ ಅರಸ ಕೈಹಿಡಿದು ರಿಮ್ಮೋನನ ಗುಡಿಗೆ ಹೋದಾಗ ತಾನೂ ಅಲ್ಲಿ ಬಗ್ಗಬೇಕಾಗುತ್ತದೆ, ಅದಕ್ಕೆ ಕ್ಷಮೆಯಿರಲಿ. ಪ್ರವಾದಿ ಎಲೀಷ ಗದರಲಿಲ್ಲ, ಷರತ್ತು ಹಾಕಲಿಲ್ಲ. ಅವನನ್ನು ಸಮಾಧಾನದಿಂದ ಕಳಿಸಿಕೊಟ್ಟ.

ವಿಗ್ರಹದ ವಿರುದ್ಧ ವಚನ ಹುಡುಕುವವರೂ ಗ್ರಂಥದ ವಿರುದ್ಧ ವಚನ ಹುಡುಕುವವರೂ ಎರಡನೆಯ ಅರಸುಗಳ ಪುಸ್ತಕದ ಆ 5ನೇ ಅಧ್ಯಾಯವನ್ನು ಒಮ್ಮೆ ಪೂರ್ತಿ ಓದಲಿ. ಅದೂ ಅದೇ ಶಾಸ್ತ್ರದ ಭಾಗ.