ಮೇದಸ್ಸಿನ ಗಂಟು

ನಮ್ಮ ನೆರೆಮನೆಯ ಯಜಮಾನರ ತೊಡೆಯಲ್ಲಿ ಕೆಲವು ವರುಷಗಳಿಂದ ಒಂದು ಗಂಟಿದ್ದಿತು. ನೋವಿಲ್ಲ, ಜ್ವರವಿಲ್ಲ. ಕೊಬ್ಬಿನ ಗಂಟು, ಬಿಟ್ಟುಬಿಡಿರೆಂದು ಹೇಳಿದವರಲ್ಲಿ ನಾವೂ ಸೇರಿದ್ದೆವು. ಮೇದೋಜಗ್ರಂಥಿಯು ದೇಹವು ಬೆಳೆದಂತೆ ಬೆಳೆದು, ಕೃಶವಾದಂತೆ ಕುಗ್ಗುವುದೆಂದು ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಹೇಳಿದೆಯಷ್ಟೆ. ಅದನ್ನು ನೆಚ್ಚಿ ಅವರಿಗೆ ಉಪವಾಸವನ್ನೂ ಸೂಚಿಸಿದೆವು. ಯಜಮಾನರು ಕೃಶರಾದರು; ಗಂಟು ಮಾತ್ರ ಬೆಳೆಯಿತು.

ಕಡೆಗೆ ವೈದ್ಯರು ಅದನ್ನು ಕೊಯ್ದು ತೆಗೆದು ಪರೀಕ್ಷೆಗೆ ಕಳುಹಿಸಿದರು. ಸಾಧುವಾದ ಗಂಟೂ ಸಾಧುವಲ್ಲದ ಗಂಟೂ ಸೂಕ್ಷ್ಮದರ್ಶಕದಲ್ಲಿ ಎಷ್ಟೋ ವೇಳೆ ಒಂದೇ ತೆರನಾಗಿ ತೋರುವುವಂತೆ. ಭೇದವಿರುವುದು ಜೀವಕೋಶದೊಳಗಿನ ಕ್ರೋಮೋಸೋಮುಗಳಲ್ಲಿ. ಗ್ರೀಕರ ಭಾಷೆಯಲ್ಲಿ ಕ್ರೋಮವೆಂದರೆ ವರ್ಣ, ಸೋಮವೆಂದರೆ ಶರೀರ. ನಮ್ಮ ಸೋಮನಿಗೂ ಇದಕ್ಕೂ ನಂಟಿಲ್ಲ. ಮನುಷ್ಯನಲ್ಲಿ ಇವು 46 ಎಂಬುದನ್ನು ಸ್ವೀಡನ್ನಿನ ಲುಂಡ್ ನಗರದಲ್ಲಿ ಎಣಿಸಿ, 1956ರಲ್ಲಿ ಟಿಯೋ, ಲೆವಾನ್ ಎಂಬ ವಿದ್ವಾಂಸರು ಪ್ರಕಟಿಸಿದರು. ಅದುವರೆಗೆ 48 ಎಂದೇ ಗ್ರಂಥಗಳಲ್ಲಿದ್ದಿತು.

ಸಾಧುವಾದ ಕೊಬ್ಬಿನ ಗಂಟುಗಳಲ್ಲಿ ಅನೇಕವೇಳೆ 12ನೆಯ ಕ್ರೋಮೋಸೋಮು ಮುರಿದು, ಅದರ ತುಣುಕು 3ನೆಯದಕ್ಕೋ ಮತ್ತೊಂದಕ್ಕೋ ಅಂಟಿಕೊಂಡಿರುತ್ತದೆ, ಅಷ್ಟರಿಂದ ಪ್ರಾಣಭಯವಿಲ್ಲ. ಇನ್ನೊಂದು ಜಾತಿಯ ಗಂಟಿನಲ್ಲಿಯಾದರೋ, ಅದೇ 12ನೆಯದರ ಒಂದು ಭಾಗವು ಹತ್ತಾರು ಪ್ರತಿಗಳಾಗಿ ಕೂಡಿ, ದುಂಡಗೆ ಬಳೆಯಂತಾಗಿ, ಹೆಚ್ಚಿನದೊಂದು ಕ್ರೋಮೋಸೋಮಾಗಿ ನಿಲ್ಲುವುದು. ಆ ಬಳೆಯಲ್ಲಿ ಎಂಡಿಎಂ2 ಎಂಬ ವಂಶವಾಹಿಯು ಮಿತಿಮೀರಿ ತುಂಬಿರುತ್ತದೆ. ಕೆಟ್ಟ ಕೋಶವು ಬೆಳೆಯದಂತೆ ತಡೆಯುವ ಪಿ53 ಎಂಬ ಕಾವಲುಗಾರನೊಬ್ಬನುಂಟು. ಎಂಡಿಎಂ2 ಅವನನ್ನು ಅಡಗಿಸುವುದು. ಕಾವಲು ತಪ್ಪಿದ ಮೇಲೆ ಹೇಳತಕ್ಕದ್ದೇನು? 12 ಮತ್ತು 16ನೆಯವು ತಮ್ಮ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುವ ಮೂರನೆಯ ಬಗೆಯೂ ಇದೆ. ಅದು ದೇಹದಲ್ಲಿ ದೂರಕ್ಕೂ ಹರಡಬಲ್ಲ ಅರ್ಬುದ.

ಯಜಮಾನರದು ಎರಡನೆಯ ಬಗೆಯೆಂದು ವರದಿ ಬಂದಿತು. ಕೈಕಾಲುಗಳಲ್ಲಿರುವಾಗ ಇದು ತಾನಾಗಿ ಬೇರೆಡೆಗೆ ಹರಡುವುದಿಲ್ಲ. ಆದರೆ ಕೊಯ್ದ ಸ್ಥಳದಲ್ಲಿಯೇ ಮರಳಿ ಹುಟ್ಟಬಹುದು, ಅಪರೂಪವಾಗಿ ರೂಪಾಂತರ ಹೊಂದಿ ಉಗ್ರವಾಗಲೂಬಹುದು. ಮನೆಯಾಕೆಯು ಇದಾವುದಕ್ಕೂ ಅಂಜದೆ, ವರದಿಯಲ್ಲಿದ್ದ ವಂಶವಾಹಿ ಎಂಬ ಶಬ್ದಕ್ಕೆ ಬೆದರಿದರು. “ವಂಶದಲ್ಲಿ ಹರಿಯುವುದೆಂದಲ್ಲವೇ ಅರ್ಥ? ಮಗಳಿಗೂ ಬರುವುದೇ?” ಎಂದು ನಮ್ಮನ್ನು ಕೇಳಿದರು. ಶಬ್ದಾರ್ಥವೇನೋ ಹಾಗೆಯೇ. ಆದರೆ ಈ ವಿಕಾರವು ಗಂಟಿನ ಕೋಶಗಳಲ್ಲಿ ಮಾತ್ರ ಉಂಟಾದುದು, ಹುಟ್ಟಿನಿಂದ ಬಂದುದಲ್ಲ, ಮಕ್ಕಳಿಗೆ ಹೋಗತಕ್ಕದ್ದೂ ಅಲ್ಲವೆಂದು ವೈದ್ಯರ ಬಾಯಿಂದಲೇ ಹೇಳಿಸಿದೆವು. ನಮ್ಮ ಮಾತಿನ ಮೇಲೆ ಆಕೆಗೆ ಮೊದಲಿನ ನಂಬಿಕೆಯಿಲ್ಲ, ಅದು ನ್ಯಾಯವೇ.

ಮಾಂಸದ ಆಳದಲ್ಲಿದ್ದು, 5 ಸೆಂಟಿಮೀಟರಿಗೆ ಮೀರಿ, ಬೆಳೆಯುತ್ತಲೇ ಇರುವ ಗಂಟನ್ನು ನೋವಿಲ್ಲವೆಂದು ಉಪೇಕ್ಷಿಸದೆ ವೈದ್ಯರಿಗೆ ತೋರಿಸತಕ್ಕದ್ದೆಂದು ಅವರು ಹೇಳಿದರು. ಯಜಮಾನರು ಗೊತ್ತಾದ ದಿನಗಳಲ್ಲಿ ತೊಡೆಯನ್ನು ತೋರಿಸಿ ಬರುತ್ತಿದ್ದಾರೆ. ಕಳೆದ ಸಲ ನಾವೂ ಜೊತೆಯಲ್ಲಿ ಹೋಗಿದ್ದೆವು.