ಅರಸನ ಕಾವಲಿಗೆ ಒಂದು ಪಡೆ, ಆ ಪಡೆಯ ಕಾವಲಿಗೆ ಇನ್ನೊಂದು

ಸಿರಿಯಾ ದೇಶವನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದ ಅಸಾದ್ ಕುಟುಂಬದ ಅಧಿಕಾರ 2024ರ ಡಿಸೆಂಬರ್ 8ರಂದು ಕೊನೆಗೊಂಡಿತು. ನವೆಂಬರ್ 27ರಂದು ಬಂಡುಕೋರರು ದಾಳಿ ಆರಂಭಿಸಿದ್ದರು. ಹನ್ನೆರಡು ದಿನಗಳೊಳಗೆ ರಾಜಧಾನಿ ಡಮಾಸ್ಕಸ್ ಅವರ ಕೈಸೇರಿತು, ಅಧ್ಯಕ್ಷ ಬಶರ್ ಅಲ್ ಅಸಾದ್ ಮಾಸ್ಕೋಗೆ ಪರಾರಿಯಾದರು. ಅವರ ರಕ್ಷಣೆಗೆಂದೇ ರಿಪಬ್ಲಿಕನ್ ಗಾರ್ಡ್ ಎಂಬ ವಿಶೇಷ ಪಡೆ ಇತ್ತು. ಸಹೋದರ ಮಾಹೆರ್ ಅವರ ಹಿಡಿತದಲ್ಲಿದ್ದ ನಾಲ್ಕನೇ ಡಿವಿಜನ್ ಕೂಡ ಇತ್ತು. ಸೈನ್ಯದ ಉತ್ತಮ ಆಯುಧಗಳು, ಉತ್ತಮ ಸವಲತ್ತುಗಳು ಈ ಪಡೆಗಳ ಪಾಲಾಗಿದ್ದವು. ಆದರೂ ರಾಜಧಾನಿಗಾಗಿ ದೊಡ್ಡ ಕಾಳಗವೇ ನಡೆಯಲಿಲ್ಲ.

ಇಷ್ಟು ಹಣ ಸುರಿದು ಕಟ್ಟಿದ ಪಡೆಗಳು ಬೇಕಾದ ಹೊತ್ತಿಗೆ ಏಕೆ ಒದಗಲಿಲ್ಲ? ಇದಕ್ಕೆ ಉತ್ತರ ಬೇಕಾದರೆ ನೆರೆಯ ಇರಾಕಿನತ್ತ ನೋಡಬೇಕು. ಸದ್ದಾಂ ಹುಸೇನ್ ಬೆಳೆಸಿದ ರಿಪಬ್ಲಿಕನ್ ಗಾರ್ಡ್‌ನ ಏಳುಬೀಳು ಇಂದು ಬಹುಪಾಲು ಬಯಲಾಗಿದೆ. ಇಂಥ ಪಡೆಗಳು ಹೇಗೆ ಹುಟ್ಟುತ್ತವೆ, ಯಾರಿಗಾಗಿ ಬದುಕುತ್ತವೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ನಮ್ಮವರೂ ಕಂಡ ಪಡೆ

ಈ ಪಡೆ ನಮ್ಮ ಕರಾವಳಿಗೆ ಅಪರಿಚಿತವೇನಲ್ಲ. 1990ರ ಆಗಸ್ಟ್ 2ರ ನಸುಕಿನಲ್ಲಿ ಕುವೈಟ್ ಗಡಿ ದಾಟಿದ್ದು ಇದೇ ರಿಪಬ್ಲಿಕನ್ ಗಾರ್ಡ್. ಹಮ್ಮುರಾಬಿ, ಮದೀನಾ, ತವಕ್ಕಲ್ನಾ ಮುಂತಾದ ಹೆಸರಿನ ಅದರ ಡಿವಿಜನ್‌ಗಳು ಆ ಪುಟ್ಟ ದೇಶವನ್ನು ಎರಡೇ ದಿನಗಳಲ್ಲಿ ವಶಪಡಿಸಿಕೊಂಡವು. ಆಗ ಅಲ್ಲಿ ಸುಮಾರು 1.7 ಲಕ್ಷ ಭಾರತೀಯರಿದ್ದರು. ಮಂಗಳೂರು, ಉಡುಪಿ ಕಡೆಯ ಅನೇಕ ಕುಟುಂಬಗಳೂ ಅವರಲ್ಲಿ ಸೇರಿದ್ದವು. ದುಡಿದು ಕೂಡಿಟ್ಟದ್ದನ್ನೆಲ್ಲ ಬಿಟ್ಟು, ಮರುಭೂಮಿಯ ಹಾದಿಯಲ್ಲಿ ಜೋರ್ಡಾನಿನ ಅಮ್ಮಾನ್ ತಲುಪಿ, ಏರ್ ಇಂಡಿಯಾ ವಿಮಾನ ಹತ್ತಿ ಊರು ಸೇರಿದವರ ಅನುಭವಗಳನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಹೀಗೆ ವಿಮಾನದಲ್ಲಿ ಮರಳಿದವರ ಸಂಖ್ಯೆ ಒಂದು ಲಕ್ಷಕ್ಕೂ ಮಿಗಿಲು.

ಆದರೆ ಪರದೇಶವನ್ನು ಗೆಲ್ಲುವುದು ಈ ಪಡೆಯ ಮೂಲ ಕೆಲಸವಾಗಿರಲಿಲ್ಲ.

ಬಾಗಿಲು ಕಾಯುವವನೇ ಬಾಗಿಲು ತೆರೆದಾಗ

ಇರಾಕಿನ ರಿಪಬ್ಲಿಕನ್ ಗಾರ್ಡ್ ಹುಟ್ಟಿದ್ದು 1960ರ ದಶಕದಲ್ಲಿ. ಸೇನಾ ಕ್ರಾಂತಿಗಳಿಂದ ತತ್ತರಿಸಿದ್ದ ಆ ದೇಶದಲ್ಲಿ ಅಧ್ಯಕ್ಷರ ಅರಮನೆಯನ್ನು ಕಾಯುವುದು ಅದರ ಹೊಣೆ. ಆದರೆ 1968ರ ಜುಲೈ 17ರಂದು ನಡೆದದ್ದೇ ಬೇರೆ. ಗಾರ್ಡ್‌ನ ಮುಖ್ಯಸ್ಥ ಇಬ್ರಾಹಿಂ ಅಲ್ ದಾವೂದ್ ಬಾತ್ ಪಕ್ಷದ ಸಂಚುಗಾರರ ಜತೆ ಕೈಜೋಡಿಸಿದರು. ಅಧ್ಯಕ್ಷ ಅಬ್ದುಲ್ ರಹಮಾನ್ ಆರಿಫ್ ಅಧಿಕಾರ ಕಳೆದುಕೊಂಡು ದೇಶ ಬಿಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಎರಡು ವಾರ ಕಳೆಯುವ ಮುನ್ನವೇ, ಜುಲೈ 30ರಂದು, ಬಾತ್ ಪಕ್ಷ ಅದೇ ದಾವೂದ್ ಅವರನ್ನೂ ಹೊರದಬ್ಬಿತು.

ಅಂದು ಬಾತ್ ಪಕ್ಷದ ಯುವ ನಾಯಕನಾಗಿದ್ದ ಸದ್ದಾಂ ಈ ಎರಡೂ ಘಟನೆಗಳನ್ನು ಒಳಗಿನಿಂದಲೇ ನೋಡಿದ. ಅರಮನೆಗೆ ದೊಡ್ಡ ಅಪಾಯ ಬರುವುದು ಹೊರಗಿನ ಶತ್ರುವಿನಿಂದಲ್ಲ, ಬಾಗಿಲು ಕಾಯುವವನಿಂದ ಎಂಬ ಪಾಠವನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ಮುಂದೆ ಅವನು ಕಟ್ಟಿದ ವ್ಯವಸ್ಥೆಯೆಲ್ಲ ಈ ಒಂದು ಭಯದ ಮೇಲೆಯೇ ನಿಂತಿತ್ತು.

ಇರಾನ್ ಜತೆಗಿನ ಯುದ್ಧದಲ್ಲಿ, 1986ರಲ್ಲಿ, ಫಾವ್ ಪರ್ಯಾಯದ್ವೀಪ ಕೈತಪ್ಪಿದಾಗ ಗಾರ್ಡ್ ಅನ್ನು ಭಾರಿ ಪ್ರಮಾಣದಲ್ಲಿ ವಿಸ್ತರಿಸಲಾಯಿತು. 1988ರ ಏಪ್ರಿಲ್‌ನಲ್ಲಿ ಫಾವ್ ಅನ್ನು ಮರಳಿ ಗೆದ್ದದ್ದೂ ಇದೇ ಪಡೆ. ಅರಮನೆಯ ಕಾವಲು ದಳವಾಗಿದ್ದುದು ಈಗ ಸೈನ್ಯದೊಳಗೆ ಇನ್ನೊಂದು ಸೈನ್ಯವಾಯಿತು.

ಸುತ್ತಿನೊಳಗೊಂದು ಸುತ್ತು

1991ರ ನಂತರದ ಇರಾಕಿನಲ್ಲಿ ಈ ಕಾವಲು ವ್ಯವಸ್ಥೆ ಕೋಟೆಯ ಸುತ್ತುಗೋಡೆಗಳಂತೆ ಇತ್ತು. ಎಲ್ಲಕ್ಕಿಂತ ಹೊರಗೆ, ಗಡಿಗಳಲ್ಲಿ, ಸಾಮಾನ್ಯ ಸೈನ್ಯ. ಅದು ರಕ್ಷಣಾ ಸಚಿವಾಲಯದ ಅಧೀನದಲ್ಲಿತ್ತು. ಅದರ ಒಳಸುತ್ತಿನಲ್ಲಿ ಎರಡು ಕೋರ್‌ಗಳಾಗಿ ವಿಂಗಡಿಸಿದ ರಿಪಬ್ಲಿಕನ್ ಗಾರ್ಡ್‌ನ ಆರು ಡಿವಿಜನ್‌ಗಳು. ಇವು ರಕ್ಷಣಾ ಸಚಿವಾಲಯಕ್ಕೆ ಅಲ್ಲ, ಅಧ್ಯಕ್ಷರಿಗೆ ಉತ್ತರ ಹೇಳಬೇಕಿತ್ತು. ಹೆಚ್ಚಿನ ಸಂಬಳ, ಮನೆ, ವಾಹನ, ಹೊಸ ಆಯುಧ ಇವರಿಗೆ ಮೊದಲು. ಸಾಮಾನ್ಯ ಸೈನ್ಯ ದಂಗೆ ಎದ್ದರೆ ಅದನ್ನು ತಡೆಯುವುದು ಇವರ ದೊಡ್ಡ ಕರ್ತವ್ಯ. ಆದರೆ ಇವರಿಗೂ ಬಾಗ್ದಾದ್ ನಗರದೊಳಗೆ ಕಾಲಿಡಲು ಅನುಮತಿ ಇರಲಿಲ್ಲ.

ನಗರದೊಳಗೆ ಇದ್ದದ್ದು ವಿಶೇಷ ರಿಪಬ್ಲಿಕನ್ ಗಾರ್ಡ್. ಸುಮಾರು 15,000 ಮಂದಿಯ ಈ ಪಡೆ ಅರಮನೆಗಳನ್ನು, ಮುಖ್ಯ ರಸ್ತೆಗಳನ್ನು, ಅಧ್ಯಕ್ಷರ ಓಡಾಟವನ್ನು ಕಾಯುತ್ತಿತ್ತು. ಹೊರಗಿನ ಗಾರ್ಡ್ ತಿರುಗಿಬಿದ್ದರೆ ಅದನ್ನು ಎದುರಿಸುವುದೂ ಇದರ ಕೆಲಸವೇ. ಸದ್ದಾಂನ ಹುಟ್ಟೂರಿನ ಆಸುಪಾಸಿನ ತಿಕ್ರಿತ್ ಸೀಮೆಯವರನ್ನೂ ನಂಬಿಕಸ್ಥ ಕುಲಗಳವರನ್ನೂ ಆರಿಸಿ ಇದಕ್ಕೆ ಸೇರಿಸಲಾಗುತ್ತಿತ್ತು. ಇದಕ್ಕೂ ಒಳಗೆ ವಿಶೇಷ ಭದ್ರತಾ ಸಂಸ್ಥೆ. ಅಧಿಕಾರಿಗಳ ಮೇಲೆ ಕಣ್ಣಿಡುವುದು ಅದರ ಹೊಣೆ. ಕಟ್ಟಕಡೆಗೆ ಸದ್ದಾಂನ ಮೈಗಾವಲಿನವರು, ಬಹುತೇಕ ಅವನ ಕುಲದವರೇ. ಗಾರ್ಡ್ ಮತ್ತು ಭದ್ರತಾ ಸಂಸ್ಥೆ ಎರಡರ ಮೇಲ್ವಿಚಾರಣೆ ಕಿರಿಯ ಮಗ ಕುಸೈ ಕೈಯಲ್ಲಿತ್ತು.

ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಪ್ರತಿ ಸುತ್ತೂ ಹೊರಗೆ ನೋಡುತ್ತಿದ್ದದ್ದು ಶತ್ರುವಿಗಾಗಿ ಅಲ್ಲ, ತನ್ನ ಮುಂದಿನ ಸುತ್ತನ್ನು ಕಾಯಲು. ಹಾಗಿದ್ದೂ ಭಯ ಹೋಗಲಿಲ್ಲ. 1996ರಲ್ಲಿ ಬಯಲಾದ ಸಂಚೊಂದರಲ್ಲಿ ಗಾರ್ಡ್‌ನ ಅಧಿಕಾರಿಗಳೂ ಸಿಕ್ಕಿಬಿದ್ದು ಮರಣದಂಡನೆಗೆ ಗುರಿಯಾದರು.

ಬೆಲೆ ತೆತ್ತವರು ಯಾರು?

ಕುವೈಟನ್ನು ಗೆದ್ದ ಮೇಲೆ ಗಾರ್ಡ್ ಅನ್ನು ಮುಂಚೂಣಿಯಿಂದ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಗಡಿಯ ಕಂದಕಗಳಲ್ಲಿ ಕುಳಿತು ಬಾಂಬು ತಿಂದವರು ಕಡ್ಡಾಯ ಸೇವೆಗೆ ಎಳೆತಂದ ಬಡವರ ಮಕ್ಕಳು. 1991ರ ಫೆಬ್ರವರಿಯಲ್ಲಿ ತವಕ್ಕಲ್ನಾ ಡಿವಿಜನ್ ಅಮೆರಿಕದ ಟ್ಯಾಂಕುಗಳೆದುರು ನಾಶವಾಯಿತು, ನಿಜ. ಆದರೆ ಗಾರ್ಡ್‌ನ ದೊಡ್ಡ ಭಾಗ ತಪ್ಪಿಸಿಕೊಂಡಿತು. ಮಾರ್ಚ್‌ನಲ್ಲಿ ದಕ್ಷಿಣದ ಶಿಯಾಗಳು, ಉತ್ತರದ ಕುರ್ದರು ದಂಗೆ ಎದ್ದಾಗ ಅದು ಸ್ವಂತ ಜನರ ಮೇಲೆ ಎರಗಿತು. ನಜಫ್, ಕರ್ಬಲಾ ನಗರಗಳಲ್ಲಿ ಪವಿತ್ರ ಕ್ಷೇತ್ರಗಳ ಸುತ್ತಮುತ್ತಲೇ ರಕ್ತ ಹರಿಯಿತು. ಸಾವಿರಾರು ಮಂದಿ ಸತ್ತರು, ಲಕ್ಷಾಂತರ ಕುರ್ದರು ಬೆಟ್ಟ ಹತ್ತಿ ಗಡಿಯತ್ತ ಓಡಿದರು. ಪಡೆಯನ್ನು ಉಳಿಸಿಕೊಂಡದ್ದು ಯಾವ ಕೆಲಸಕ್ಕೆ ಎಂಬುದು ಆಗ ಜಗತ್ತಿಗೆ ತಿಳಿಯಿತು.

ಇಂಥ ಪಡೆ ದೇಶವನ್ನು ಕಾಯಬೇಕಾದ ದಿನ 2003ರಲ್ಲಿ ಬಂತು. ಗಾರ್ಡ್‌ನ ಎರಡನೇ ಕೋರ್‌ನ ದಂಡನಾಯಕ ರಾದ್ ಅಲ್ ಹಮ್ದಾನಿ ಅನುಭವಿ ಸೈನಿಕ. ಅಮೆರಿಕದ ಮುಖ್ಯ ದಾಳಿ ದಕ್ಷಿಣದಿಂದ, ಕರ್ಬಲಾ ಬಳಿಯ ಕಿರುದಾರಿಯ ಮೂಲಕ ಬರುತ್ತಿದೆ ಎಂದು ಅವರು ಏಪ್ರಿಲ್ ಆರಂಭದಲ್ಲಿ ಎಚ್ಚರಿಸಿದರು. ಮೇಲಿನಿಂದ ಬಂದ ಉತ್ತರ ಬೇರೆ: ದಕ್ಷಿಣದ್ದು ಬರೀ ತಂತ್ರ, ನಿಜವಾದ ದಾಳಿ ಪಶ್ಚಿಮದ ಜೋರ್ಡಾನ್ ಕಡೆಯಿಂದ ಬರುತ್ತದೆ. ಅರಸನ ಮಾತು ಎದುರಾಡುವವರಿಲ್ಲ. ಅಕ್ಕಪಕ್ಕದ ಪಡೆಗಳ ಜತೆ ಮುಕ್ತವಾಗಿ ಸಮಾಲೋಚಿಸುವ ಸ್ವಾತಂತ್ರ್ಯವೂ ದಂಡನಾಯಕರಿಗೆ ಇರಲಿಲ್ಲ. ಇಬ್ಬರು ಸೇನಾಧಿಕಾರಿಗಳು ಕೂಡಿ ಮಾತಾಡಿದರೆ ಅದು ಸಂಚಿನಂತೆ ಕಾಣುವ ರಾಜ್ಯವದು. ಏಪ್ರಿಲ್ 9ರಂದು ಬಾಗ್ದಾದ್ ಬಿತ್ತು. ಪ್ರಾಣ ಕೊಟ್ಟಾದರೂ ಅದನ್ನು ಕಾಯಬೇಕಿದ್ದ ಅನೇಕರು ಸಮವಸ್ತ್ರ ಕಳಚಿ ಮನೆ ಸೇರಿಕೊಂಡಿದ್ದರು.

ಒಡೆದ ಮೇಲೆ

ಕಥೆ ಅಲ್ಲಿಗೆ ಮುಗಿಯಲಿಲ್ಲ. 2003ರ ಮೇ 23ರಂದು ಅಮೆರಿಕದ ಆಡಳಿತ ಗಾರ್ಡ್ ಜತೆಗೆ ಇಡೀ ಇರಾಕಿ ಸೈನ್ಯವನ್ನೇ ವಿಸರ್ಜಿಸಿತು. ತಪ್ಪು ಮಾಡಿದವರು ಯಾರು, ಮಾಡದವರು ಯಾರು ಎಂದು ನೋಡದೆ ಲಕ್ಷಾಂತರ ಮಂದಿಯನ್ನು ಬೀದಿಗೆ ಬಿಡಲಾಯಿತು. ಅವರಲ್ಲಿ ಕೆಲವರು ಬಂದೂಕು ಹಿಡಿದು ಬಂಡಾಯ ಸೇರಿದರು. ಹಳೆಯ ಸೈನ್ಯದ ಕೆಲವು ಅಧಿಕಾರಿಗಳು ಮುಂದೆ ಐಎಸ್ ಸಂಘಟನೆಯ ನಾಯಕತ್ವದಲ್ಲೇ ಕಾಣಿಸಿಕೊಂಡರು. 2014ರಲ್ಲಿ ಆ ಸಂಘಟನೆ ಮೊಸುಲ್ ನಗರವನ್ನು ಹಿಡಿದಾಗ, ಶತಮಾನಗಳಿಂದ ಅಲ್ಲಿ ಬಾಳಿದ ಕ್ರೈಸ್ತರು ಉಟ್ಟ ಬಟ್ಟೆಯಲ್ಲೇ ಊರು ಬಿಡಬೇಕಾಯಿತು. ಸಿರಿಯಾದಲ್ಲಿಯೂ 2025ರ ಜನವರಿಯಲ್ಲಿ ಹೊಸ ಆಡಳಿತ ಹಳೆಯ ಸೈನ್ಯವನ್ನು ವಿಸರ್ಜಿಸಿತು. ಅಪರಾಧಿಗಳಿಗೆ ವಿಚಾರಣೆ, ಉಳಿದವರಿಗೆ ಬದುಕುವ ದಾರಿ, ಇವೆರಡನ್ನೂ ಒಟ್ಟಿಗೆ ನೋಡಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದರ ಪಕ್ಕದಲ್ಲೇ ಇರಾಕ್ ಇದೆ.

ಆಳುವವರಿಗೆ ರಕ್ಷಣೆ ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮ ಪ್ರಧಾನಿಯವರಿಗೂ ವಿಶೇಷ ರಕ್ಷಣಾ ದಳವಿದೆ. ಆದರೆ ಅದು 1988ರಲ್ಲಿ ಸಂಸತ್ತು ಮಾಡಿದ ಕಾಯ್ದೆಗೆ ಒಳಪಟ್ಟಿದೆ, ಪ್ರಧಾನಿ ಬದಲಾದರೂ ದಳ ಉಳಿಯುತ್ತದೆ. ಒಬ್ಬ ವ್ಯಕ್ತಿಗೆ, ಒಂದು ಮನೆತನಕ್ಕೆ ಮಾತ್ರ ನಿಷ್ಠೆ ತೋರುವ ಪಡೆಯ ಪಾಡು ಹಾಗಲ್ಲ. ಆ ಮನೆಯವರು ವಿಮಾನ ಹತ್ತಿದ ದಿನ ಅದಕ್ಕೆ ಕಾಯಲು ಏನೂ ಉಳಿಯುವುದಿಲ್ಲ. ಅದರ ದಬ್ಬಾಳಿಕೆಯ ಲೆಕ್ಕವನ್ನು ಮಾತ್ರ ಜನರು ವರ್ಷಾನುಗಟ್ಟಲೆ ತೀರಿಸುತ್ತಾರೆ.