ಲೆಕ್ಕ ಕೇಳುವ ಹಕ್ಕಿಗೆ ಬೀಗ

ಜನರ ತೆರಿಗೆಯಿಂದ ನಡೆಯುವ ಕಚೇರಿಯ ಕಡತ ಜನರ ಆಸ್ತಿ. ಇಷ್ಟು ಸರಳವಾದ ಮಾತನ್ನು ಕಾನೂನು ಒಪ್ಪಲು ಸ್ವಾತಂತ್ರ್ಯ ಬಂದು 58 ವರ್ಷ ಹಿಡಿಯಿತು. ಬ್ರಿಟಿಷರು 1923ರಲ್ಲಿ ಮಾಡಿಟ್ಟುಹೋದ ಸರ್ಕಾರಿ ರಹಸ್ಯ ಕಾಯಿದೆಯನ್ನು ನಮ್ಮ ಸರ್ಕಾರಗಳು ಜೋಪಾನವಾಗಿ ಕಾಪಾಡಿಕೊಂಡು ಬಂದವು. ಸಮಾಜವಾದಿ ನಾಯಕ ರಾಜನಾರಾಯಣರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1975ರಲ್ಲಿಯೇ ಜನರಿಗೆ ತಿಳಿಯುವ ಹಕ್ಕಿದೆಯೆಂದು ಸಾರಿತು. ಆದರೂ ಕಪಾಟಿನ ಬೀಗ ತೆರೆಯಲಿಲ್ಲ.

ತೆರೆಸಿದವರು ರಾಜಸ್ಥಾನದ ಕೂಲಿಕಾರರು. ದುಡಿದ ಕೂಲಿ ಪೂರ್ತಿ ಕೈಗೆ ಬಾರದಾಗ ಅವರು ಹಾಜರಿ ಪಟ್ಟಿಯನ್ನೇ ತೋರಿಸಿರೆಂದು ಕೇಳಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. "ನಮ್ಮ ಹಣ, ನಮ್ಮ ಲೆಕ್ಕ" ಎಂಬ ಅವರ ಕೂಗು 2005ರ ಮಾಹಿತಿ ಹಕ್ಕು ಕಾಯಿದೆಗೆ ದಾರಿಮಾಡಿತು.

ನಮ್ಮ ಗಿರಣಿ ಬಂಧುಗಳೂ ಸಣ್ಣ ವ್ಯಾಪಾರಿಗಳೂ ಈ ಆಯುಧವನ್ನು ಇನ್ನೂ ಹೆಚ್ಚಾಗಿ ಹಿಡಿಯಬೇಕು. ಸಂಬಳದಲ್ಲಿ ಮುರಿದುಕೊಂಡ ಭವಿಷ್ಯನಿಧಿಯನ್ನು ಮಾಲೀಕರು ಕಟ್ಟಿದ್ದಾರೆಯೇ? ಕಾರ್ಖಾನೆ ಇನ್ಸ್‌ಪೆಕ್ಟರರು ತನಿಖೆಗೆ ಬಂದು ಏನು ಬರೆದುಹೋದರು? ನಗರಸಭೆಯ ಮಳಿಗೆ ಹರಾಜಿನಲ್ಲಿ ಯಾರಿಗೆ, ಎಷ್ಟಕ್ಕೆ ಹೋಯಿತು? ಗಿರಣಿ ಖಾಸಗಿಯದಾದರೇನು, ಬೇರೆ ಕಾನೂನಿನಂತೆ ಇಲಾಖೆಯು ಅದರಿಂದ ಪಡೆಯಬಹುದಾದ ಮಾಹಿತಿಯನ್ನು ಆ ಇಲಾಖೆಯ ಮೂಲಕ ನಾವೂ ಕೇಳಬಹುದು. ಶುಲ್ಕ 10 ರೂಪಾಯಿ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಏತಕ್ಕೆಂದು ಅಧಿಕಾರಿ ಕೇಳುವಂತಿಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೇಲಧಿಕಾರಿಗೆ, ಅಲ್ಲಿಯೂ ಆಗದಿದ್ದರೆ ಆಯೋಗಕ್ಕೆ ಮೇಲ್ಮನವಿ. ಕಾರಣವಿಲ್ಲದೆ ತಡಮಾಡಿದವರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ.

ಆಳುವವರಿಗೆ ಇದು ಹಿಡಿಸಲಿಲ್ಲ. 2019ರಲ್ಲಿ ಮಾಹಿತಿ ಆಯುಕ್ತರ ಅಧಿಕಾರಾವಧಿ, ಸಂಬಳಗಳನ್ನು ನಿರ್ಧರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. 2023ರ ದತ್ತಾಂಶ ರಕ್ಷಣೆ ಕಾಯಿದೆಯಲ್ಲಿ ಒಂದು ತಿದ್ದುಪಡಿಯನ್ನು ಸೇರಿಸಿ, 2025ರ ನವೆಂಬರಿನಲ್ಲಿ ಜಾರಿಗೆ ತಂದಿತು. ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯನಿಗೂ ನಿರಾಕರಿಸಬಾರದೆಂದು ಹಿಂದೆ ಇದ್ದ ಮಾತು ಹೋಯಿತು. ಈಗ "ವೈಯಕ್ತಿಕ" ಎಂಬ ಒಂದೇ ಪದ ಬರೆದು ಅರ್ಜಿಯನ್ನು ಹಿಂದಕ್ಕೆ ಕಳಿಸಬಹುದು. ಹಾಜರಿ ಪಟ್ಟಿಯಲ್ಲಿರುವುದೆಲ್ಲ ಹೆಸರುಗಳೇ. ಹೆಸರಿಲ್ಲದ ಲೆಕ್ಕದಲ್ಲಿ ಕಳ್ಳನನ್ನು ಹಿಡಿಯುವುದು ಹೇಗೆ?

ಮನೆಯೊಳಗಿನ ಬದುಕಿಗೆ ಮರೆ ಬೇಡವೇ ಎಂದು ಕೇಳುತ್ತಾರೆ. ಬೇಕು. ಆದರೆ ಹಳೆಯ ಕಲಮೇ ಆ ಮರೆಯನ್ನು ಕೊಟ್ಟಿತ್ತು. ಸಾರ್ವಜನಿಕ ಹಿತ ದೊಡ್ಡದಾದಾಗ ಮಾತ್ರ ಅದನ್ನು ಸರಿಸುತ್ತಿತ್ತು.

ಈ ತಿದ್ದುಪಡಿ ರದ್ದಾಗಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಅಲ್ಲಿಯವರೆಗೆ ಕೈಕಟ್ಟಿ ಕೂರುವುದು ಬೇಡ. ಸಾರ್ವಜನಿಕ ಹಿತ ಹೆಚ್ಚಿನದಾದರೆ ಮಾಹಿತಿ ಕೊಡಬಹುದೆನ್ನುವ 8(2)ನೆಯ ಕಲಮು ಇನ್ನೂ ಉಳಿದಿದೆ. ಅರ್ಜಿಯಲ್ಲಿ ಅದನ್ನು ಕಾಣಿಸಿರಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಸಂಘದಲ್ಲಿ ಕೂಡಿ ಬರೆಯಿರಿ, ನಾಗರಿಕರಾಗಿ ನಿಮ್ಮ ನಿಮ್ಮ ಹೆಸರಿನಲ್ಲಿ ಸಹಿ ಮಾಡಿರಿ. ಒಬ್ಬನನ್ನು ಹೆದರಿಸುವುದು ಸುಲಭ. ನೂರು ಅರ್ಜಿಗಳನ್ನು ಹೆದರಿಸಲಾಗದು.